ಬ್ಯಾಕಪ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ಮೇಲೆ: ಏನು ಕೆಡುತ್ತದೆ, ಎಲ್ಲಿ ಹುಡುಕಬೇಕು

2017ರ ಜನವರಿ 31ರ ರಾತ್ರಿ, ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಎರಡನೇ ಸರ್ವರಿನಲ್ಲಿ ಅಳಿಸಬೇಕಿದ್ದ ಡೇಟಾಬೇಸ್ ಫೋಲ್ಡರನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು ಬರೀ 4.5 ಜಿಬಿ. ಇಂಥ ಹೊತ್ತಿಗೆ ಬೇಕೆಂದೇ ದಿನಕ್ಕೊಮ್ಮೆ ಡೇಟಾಬೇಸಿನ ಬ್ಯಾಕಪ್ ತೆಗೆದು ಅಮೆಜಾನ್‌ನ ಎಸ್3 ಸಂಗ್ರಹಕ್ಕೆ ಕಳಿಸುವ ವ್ಯವಸ್ಥೆ ಇತ್ತು. ಅಲ್ಲಿ ಹೋಗಿ ನೋಡಿದರೆ ಏನೂ ಇರಲಿಲ್ಲ.

ಕಾರಣ ಸರಳವಾಗಿತ್ತು. ಡೇಟಾಬೇಸ್ ಓಡುತ್ತಿದ್ದದ್ದು ಪೋಸ್ಟ್‌ಗ್ರೆಸ್ ಎಂಬ ಸಾಫ್ಟ್‌ವೇರಿನ 9.6 ಆವೃತ್ತಿಯಲ್ಲಿ. ಬ್ಯಾಕಪ್ ತೆಗೆಯುವ ಸರ್ವರಿನಲ್ಲಿ ಓಡುತ್ತಿದ್ದ ಪಿಜಿ ಡಂಪ್ ಎಂಬ ಸಾಧನ ಮಾತ್ರ 9.2ರದ್ದು. ತನಗಿಂತ ಹೊಸ ಡೇಟಾಬೇಸನ್ನು ಪಿಜಿ ಡಂಪ್ ಮುಟ್ಟುವುದಿಲ್ಲ. ಆವೃತ್ತಿ ಹೊಂದುತ್ತಿಲ್ಲ ಎಂದು ಎರರ್ ಕೊಟ್ಟು ನಿಂತುಬಿಡುತ್ತದೆ. ಪ್ರತಿದಿನವೂ ಹಾಗೆಯೇ ನಿಲ್ಲುತ್ತಿತ್ತು. ಸೋತೆ ಎಂದು ಇಮೇಲನ್ನೂ ಕಳಿಸುತ್ತಿತ್ತು. ಆ ಇಮೇಲಿಗೆ ಡಿಮಾರ್ಕ್ ಎಂಬ, ಕಳಿಸಿದವರು ಅಸಲಿ ಎಂದು ತೋರಿಸುವ ದೃಢೀಕರಣ ಇರಲಿಲ್ಲವಾದ್ದರಿಂದ ಮೇಲ್ ಸರ್ವರು ಅದನ್ನು ತಿರಸ್ಕರಿಸುತ್ತಿತ್ತು, ಯಾರ ಕೈಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ, ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕಿನ ನಕಲು, ಸಿಕ್ಕಿತು. ಆ ಆರು ಗಂಟೆಗಳಲ್ಲಿ ಸೇರಿದ್ದ ಡೇಟಾಬೇಸ್ ಮಾಹಿತಿ ಹೋಯಿತು, ಮಿಕ್ಕದ್ದು ಉಳಿಯಿತು. ಇದಿಷ್ಟನ್ನೂ ಕಂಪನಿ ತಾನೇ ಬಿಚ್ಚಿಟ್ಟು ಪ್ರಕಟಿಸಿತು. ಬ್ಯಾಕಪ್ ನೋಡಿಕೊಳ್ಳುವ ಪ್ರತಿಯೊಬ್ಬರೂ ಆ ಪ್ರಾಮಾಣಿಕತೆಗೆ ಋಣಿಗಳು.

ಬ್ಯಾಕಪ್ ಸಾಫ್ಟ್‌ವೇರಿನ ಅಪ್‌ಗ್ರೇಡ್ ಬೇರೆ ಸಾಫ್ಟ್‌ವೇರುಗಳಂತಲ್ಲ ಎಂಬುದಕ್ಕೆ ಇಷ್ಟು ಸಾಕು. ಬ್ರೌಸರ್ ಅಪ್‌ಡೇಟ್ ಆಗಿ ಕೆಟ್ಟರೆ ಮರುಕ್ಷಣ ಗೊತ್ತಾಗುತ್ತದೆ, ಪುಟ ತೆರೆಯುವುದಿಲ್ಲ. ಬ್ಯಾಕಪ್ ಕೆಟ್ಟರೆ ಗೊತ್ತಾಗುವುದು ಫೈಲು ಕಳೆದುಕೊಂಡ ದಿನ. ಜೊತೆಗೆ, ಬ್ಯಾಕಪ್ ಸಾಫ್ಟ್‌ವೇರು ಇವತ್ತಿನ ಕೆಲಸ ಮಾಡಿದರೆ ಸಾಲದು. ನಾಲ್ಕು ವರ್ಷದ ಹಿಂದೆ ತನ್ನದೇ ಹಳೆಯ ಆವೃತ್ತಿ ಬರೆದಿಟ್ಟದ್ದನ್ನೂ ಅದು ಇವತ್ತು ಓದಬೇಕು. ಹಾಗಾಗಿ ಹೊಸ ಆವೃತ್ತಿಯ ಸಂಖ್ಯೆ ಪರದೆಯ ಮೇಲೆ ಕಂಡಾಗ ಅಪ್‌ಗ್ರೇಡ್ ಮುಗಿಯಿತು ಎನ್ನುವಂತಿಲ್ಲ. ಹಳೆಯ ಬ್ಯಾಕಪ್ಪಿನಿಂದ ಒಂದು ಫೈಲನ್ನು ಹೊಸ ಆವೃತ್ತಿ ಸರಿಯಾಗಿ ವಾಪಸ್ ತಂದುಕೊಟ್ಟಾಗ ಮಾತ್ರ ಅದು ಮುಗಿದಂತೆ.

ತೊಂದರೆ ಹುಡುಕುವಾಗ ಒಂದು ಪ್ರಶ್ನೆಯಿಂದ ಶುರು ಮಾಡುವುದು ಒಳ್ಳೆಯದು: ಬದಲಾದದ್ದು ಯಾವುದು? ಮೊದಲನೆಯದು ಪ್ರೋಗ್ರಾಂ. ಎರಡನೆಯದು ಬ್ಯಾಕಪ್ ಕೂತಿರುವ ಜಾಗ, ಅಂದರೆ ರೆಪೊಸಿಟರಿ. ಮೂರನೆಯದು, ಪ್ರೋಗ್ರಾಂ ತನ್ನ ಅನುಕೂಲಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಕ್ಯಾಶ್. ನಾಲ್ಕನೆಯದು ಇವೆಲ್ಲವನ್ನೂ ಓಡಿಸುವ ಸ್ಕ್ರಿಪ್ಟು, ವೇಳಾಪಟ್ಟಿ, ಅನುಮತಿಗಳು. ಎರರ್ ಸಂದೇಶ ಏನೇ ಹೇಳಲಿ, ಅದು ಈ ನಾಲ್ಕರಲ್ಲಿ ಯಾವುದರ ಮಾತು ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಇವುಗಳಲ್ಲಿ ಕ್ಯಾಶ್ ಮಾತ್ರ ಹೋದರೂ ಪರವಾಗಿಲ್ಲ, ಅದನ್ನು ಮತ್ತೆ ಕಟ್ಟಿಕೊಳ್ಳಬಹುದು. ರೆಪೊಸಿಟರಿಯೂ ಅದರ ಗೂಢಲಿಪಿ ಬಿಡಿಸುವ ಕೀಲಿಯೂ ಹೋದರೆ ಹೋದವೇ. ಗಾಬರಿಯಲ್ಲಿ ಏನನ್ನಾದರೂ ಅಳಿಸುವ ಮುನ್ನ ಈ ವ್ಯತ್ಯಾಸ ನೆನಪಿರಲಿ.

ಉದಾಹರಣೆಗೆ ಬೋರ್ಗ್ ಮತ್ತು ರೆಸ್ಟಿಕ್ ಎಂಬ ಎರಡು ಮುಕ್ತ ತಂತ್ರಾಂಶಗಳನ್ನು ತೆಗೆದುಕೊಳ್ಳುತ್ತೇನೆ. ಎರಡೂ ಫೈಲುಗಳನ್ನು ತುಂಡು ತುಂಡಾಗಿ ಕತ್ತರಿಸಿ, ಒಮ್ಮೆ ಉಳಿಸಿದ ತುಂಡನ್ನು ಮತ್ತೆ ಉಳಿಸದೆ ಜಾಗ ಉಳಿತಾಯ ಮಾಡುತ್ತವೆ. ಬೋರ್ಗ್‌ನಲ್ಲಿ ಒಂದು ತುಂಡು ಸರಾಸರಿ 2 ಎಂಬಿ ಆಸುಪಾಸಿನದು. ನಿಮ್ಮಲ್ಲಿ ಓಡುತ್ತಿರುವುದು ಬೇರೆ ಸಾಫ್ಟ್‌ವೇರ್ ಆದರೂ ತೊಂದರೆಗಳ ಬಗೆ ಇದೇ.

ಯಾರೂ ಮಾಡದ ಅಪ್‌ಗ್ರೇಡ್

"ನಾನು ಬ್ಯಾಕಪ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿಯೇ ಇಲ್ಲವಲ್ಲ" ಎನ್ನುವವರು ಬಹಳ. ಅವರು ಹೇಳುವುದು ನಿಜ. ಅವರು ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿರುತ್ತಾರೆ, ಬ್ಯಾಕಪ್ ಸಾಫ್ಟ್‌ವೇರು ಅದರ ಬೆನ್ನಿಗೇ ಬಂದಿರುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 11ನೇ ಆವೃತ್ತಿಯಲ್ಲಿ ಇದ್ದದ್ದು ಬೋರ್ಗ್ 1.1ರ ಸರಣಿ. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ 1.2.4. 2025ರ ಡೆಬಿಯನ್ 13ರಲ್ಲಿ 1.4. ಸಿಸ್ಟಮ್ ಅಪ್‌ಗ್ರೇಡ್ ಮಾಡಿದವರು ಗಮನಿಸುವುದು ಡೆಸ್ಕ್‌ಟಾಪ್ ಬಂತೇ, ಪ್ರಿಂಟರ್ ಓಡುತ್ತದೆಯೇ ಎಂಬುದನ್ನು. ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಬ್ಯಾಕಪ್ಪಿನ ನೆನಪು ಯಾರಿಗೂ ಇರುವುದಿಲ್ಲ. ಹಾಗಾಗಿ ಸಿಸ್ಟಮ್ ಅಪ್‌ಗ್ರೇಡಿಗೆ ಮುಂಚೆ ಬ್ಯಾಕಪ್ ಸಾಫ್ಟ್‌ವೇರಿನ ಈಗಿನ ಆವೃತ್ತಿಯನ್ನೂ ಮುಂದೆ ಬರಲಿರುವ ಆವೃತ್ತಿಯನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ನಡುವಿನ ಬಿಡುಗಡೆ ಟಿಪ್ಪಣಿಗಳನ್ನು ಓದಿ. ಎಲ್ಲವನ್ನೂ ಓದಬೇಕಿಲ್ಲ. ನಡವಳಿಕೆ ಬದಲಾಗಿದೆ, ಹಳೆಯದಕ್ಕೆ ಹೊಂದುವುದಿಲ್ಲ ಎಂಬಂಥ ತಲೆಬರಹಗಳ ಕೆಳಗಿರುವುದನ್ನು ಓದಿದರೆ ಸಾಕು.

ಅಳಿಸಿದರೂ ಖಾಲಿಯಾಗದ ಡಿಸ್ಕು

2022ರ ಫೆಬ್ರವರಿಯಲ್ಲಿ ಬೋರ್ಗ್ 1.2 ಬಂತು. ಅದರ ಟಿಪ್ಪಣಿಯಲ್ಲಿ ಒಂದು ಸಾಲಿತ್ತು: ಇನ್ನು ಮುಂದೆ ಹಳೆಯ ಬ್ಯಾಕಪ್ ಅಳಿಸಿದ ಕೂಡಲೇ ಜಾಗ ಬಿಡುಗಡೆ ಆಗುವುದಿಲ್ಲ, ಅದಕ್ಕೆ ಕಾಂಪ್ಯಾಕ್ಟ್ ಎಂಬ ಆಜ್ಞೆಯನ್ನು ಬೇರೆಯಾಗಿ ಕೊಡಬೇಕು. ಆ ಸಾಲನ್ನು ಓದದವರ ಡಿಸ್ಕುಗಳು ಆಮೇಲೆ ನಿಧಾನವಾಗಿ ತುಂಬತೊಡಗಿದವು. ಈ ಒಂದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರರೇ ಇಲ್ಲದ ತೊಂದರೆ ಹೇಗಿರುತ್ತದೆ ಎಂದು ಇದರಷ್ಟು ಚೆನ್ನಾಗಿ ತೋರಿಸುವುದು ಮತ್ತೊಂದಿಲ್ಲ.

ಸಾಮಾನ್ಯವಾಗಿ ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಎರಡು ಆಜ್ಞೆ ಇರುತ್ತವೆ. ಒಂದು ಹೊಸ ಬ್ಯಾಕಪ್ ತೆಗೆಯುವ ಕ್ರಿಯೇಟ್. ಇನ್ನೊಂದು ಪ್ರೂನ್: ಏಳು ದಿನದ್ದು, ನಾಲ್ಕು ವಾರದ್ದು, ಆರು ತಿಂಗಳದ್ದು ಉಳಿಸಿ ಮಿಕ್ಕದ್ದು ಅಳಿಸು ಎನ್ನುವಂಥದ್ದು. 1.1ರ ಕಾಲದಲ್ಲಿ ಪ್ರೂನ್ ಮುಗಿದ ಬೆನ್ನಿಗೇ ಜಾಗ ಖಾಲಿಯಾಗುತ್ತಿತ್ತು. ಅಪ್‌ಗ್ರೇಡ್ ಆದ ಮೇಲೂ ಅದೇ ಸ್ಕ್ರಿಪ್ಟು ಓಡುತ್ತದೆ. ಕ್ರಿಯೇಟ್ ಸರಿಯಾಗಿ ಮುಗಿಯುತ್ತದೆ. ಪ್ರೂನ್ ಕೂಡ ಇಂಥಿಂಥ ಬ್ಯಾಕಪ್ ಅಳಿಸಿದೆ ಎಂದು ಲಾಗಿನಲ್ಲಿ, ಅಂದರೆ ನಡೆದದ್ದನ್ನು ದಾಖಲಿಸುವ ಫೈಲಿನಲ್ಲಿ, ಬರೆಯುತ್ತದೆ. ಪಟ್ಟಿ ತೆಗೆದು ನೋಡಿದರೆ ಹಳೆಯವು ನಿಜವಾಗಿಯೂ ಇಲ್ಲ. ಡಿಸ್ಕಿನ ಬಳಕೆ ಮಾತ್ರ ಏರುತ್ತಲೇ ಇರುತ್ತದೆ. ಲಾಗಿನಲ್ಲಿ ಕೆಂಪು ಬಣ್ಣ ಎಲ್ಲೂ ಕಾಣುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಬೋರ್ಗ್ ತನ್ನ ತುಂಡುಗಳನ್ನು ಸೆಗ್ಮೆಂಟ್ ಎಂಬ ದೊಡ್ಡ ಫೈಲುಗಳಲ್ಲಿ ಸಾಲಾಗಿ ಬರೆಯುತ್ತಾ ಹೋಗುತ್ತದೆ. ಇವು 500 ಎಂಬಿವರೆಗೂ ಬೆಳೆಯುತ್ತವೆ. ಅಳಿಸು ಎಂದರೆ ಹಳೆಯ ಸೆಗ್ಮೆಂಟಿನೊಳಗೆ ಕೈಹಾಕಿ ಕಿತ್ತು ತೆಗೆಯುವುದಿಲ್ಲ. ಈ ತುಂಡು ಇನ್ನು ಬೇಡ ಎಂಬ ನಮೂದನ್ನು ಕೊನೆಯಲ್ಲಿ ಸೇರಿಸುತ್ತದೆ, ಅಷ್ಟೇ. ನಡುವೆ ಕರೆಂಟು ಹೋದರೂ ಹಳೆಯ ಮಾಹಿತಿ ಕೆಡದಿರಲಿ ಎಂದು ಹೀಗೆ ಮಾಡಿದ್ದಾರೆ. ನಿಜವಾಗಿ ಜಾಗ ಸಿಗಬೇಕಾದರೆ, ಇನ್ನೂ ಬೇಕಾದ ತುಂಡುಗಳನ್ನು ಹೊಸ ಸೆಗ್ಮೆಂಟಿಗೆ ನಕಲು ಮಾಡಿ ಹಳೆಯ ಸೆಗ್ಮೆಂಟನ್ನು ಪೂರ್ತಿ ತೆಗೆಯಬೇಕು. ಕಾಂಪ್ಯಾಕ್ಟ್ ಮಾಡುವುದು ಇದನ್ನೇ. ಡಿಸ್ಕಿಗೆ ಇದು ಭಾರದ ಕೆಲಸ. ಪ್ರತಿ ಸಲವೂ ಮಾಡುವುದರ ಬದಲು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಿಡುವಿನ ಹೊತ್ತಿನಲ್ಲಿ ಮಾಡಿಕೊಳ್ಳಲಿ ಎಂದು 1.2ರಲ್ಲಿ ಬೇರೆ ಮಾಡಿದರು. ವಿಚಾರ ಸರಿಯಾದದ್ದೇ. ಹಳೆಯ ಸ್ಕ್ರಿಪ್ಟುಗಳಿಗೆ ಅದು ಗೊತ್ತಿರಲಿಲ್ಲ.

ಪರಿಹಾರಕ್ಕೆ ಸ್ಕ್ರಿಪ್ಟಿನಲ್ಲಿ ಪ್ರೂನ್ ಆದ ಮೇಲೆ ಕಾಂಪ್ಯಾಕ್ಟ್ ಸೇರಿಸಿದರೆ ಸಾಕು. 1.1ರಿಂದ ಬಂದವರು ಮೊದಲ ಸಲ ಅದನ್ನು ಕ್ಲೀನಪ್ ಕಮಿಟ್ಸ್ ಎಂಬ ಆಯ್ಕೆಯೊಂದಿಗೆ ಓಡಿಸಬೇಕು. ಹಳೆಯ ಆವೃತ್ತಿ ಬಿಟ್ಟುಹೋದ 17 ಬೈಟಿನ ಪುಟಾಣಿ ಫೈಲುಗಳು ರಾಶಿ ರಾಶಿ ಬಿದ್ದಿರುತ್ತವೆ, ಅವು ಹೋಗುವುದು ಈ ಆಯ್ಕೆಯಿಂದ. ಕಾಂಪ್ಯಾಕ್ಟ್ ಓಡಿದರೂ ಎಣಿಸಿದಷ್ಟು ಜಾಗ ಸಿಗಲಿಲ್ಲ ಎನ್ನುವವರು ಇನ್ನೊಂದನ್ನು ಗಮನಿಸಬೇಕು: ಒಂದು ಸೆಗ್ಮೆಂಟಿನಲ್ಲಿ ಶೇ 10ರಷ್ಟಾದರೂ ಉಳಿತಾಯ ಇಲ್ಲದಿದ್ದರೆ ಅದು ಆ ಸೆಗ್ಮೆಂಟನ್ನು ಮುಟ್ಟುವುದಿಲ್ಲ.

ಕಷ್ಟ ಇರುವುದು ಡಿಸ್ಕು ಪೂರ್ತಿ ತುಂಬಿದ ಮೇಲೆ ಎಚ್ಚೆತ್ತವರಿಗೆ. ಬೋರ್ಗ್‌ನಲ್ಲಿ ಅಳಿಸುವುದಕ್ಕೂ ಸ್ವಲ್ಪ ಜಾಗ ಬೇಕು, ಏಕೆಂದರೆ ಅಳಿಸುವುದೂ ಒಂದು ಬರವಣಿಗೆಯೇ. ಆಗ ರೆಪೊಸಿಟರಿಯ ಫೈಲುಗಳನ್ನು ಕೈಯಾರೆ ತೆಗೆಯಲು ಹೋಗಬೇಡಿ. ಯಾವ ಸೆಗ್ಮೆಂಟಿನಲ್ಲಿ ಯಾವ ಬ್ಯಾಕಪ್ಪಿನ ತುಂಡಿದೆ ಎಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದೇ ಡಿಸ್ಕಿನಲ್ಲಿ ಬೇರೆ ಏನಾದರೂ ಇದ್ದರೆ ಅದನ್ನು ಹೊರಗೆ ಸಾಗಿಸಿ ಒಂದಷ್ಟು ಜಾಗ ಮಾಡಿ. ಇಲ್ಲದಿದ್ದರೆ ರೆಪೊಸಿಟರಿಯನ್ನೇ ದೊಡ್ಡ ಡಿಸ್ಕಿಗೆ ನಕಲು ಮಾಡಿ ಅಲ್ಲಿ ಕಾಂಪ್ಯಾಕ್ಟ್ ಓಡಿಸಿ. ಇದನ್ನು ಮೊದಲೇ ಊಹಿಸಿ ಬೋರ್ಗ್‌ನವರು ಒಂದು ಸೆಟ್ಟಿಂಗ್ ಇಟ್ಟಿದ್ದಾರೆ. ಹೆಚ್ಚುವರಿ ಖಾಲಿ ಜಾಗ ಎಂದು 2 ಜಿಬಿ ಕಾದಿರಿಸಬಹುದು. ಮೊದಲಿನಿಂದ ಅದು ಸೊನ್ನೆಯೇ ಇರುತ್ತದೆ, ನಾವೇ ಬದಲಾಯಿಸಿಕೊಳ್ಳಬೇಕು.

ಭದ್ರತೆಗಾಗಿ ಬಂದ ತಪಾಸಣೆ

ಇನ್ನೊಂದು ಬದಲಾವಣೆ 2023ರ ಆಗಸ್ಟಿನಲ್ಲಿ ಬಂದ 1.2.5ರದ್ದು. ಬ್ಯಾಕಪ್ ಇಟ್ಟಿರುವ ಸರ್ವರಿಗೆ ಕನ್ನ ಹಾಕಿದವನು ನಕಲಿ ಆರ್ಕೈವೊಂದನ್ನು (ಬೋರ್ಗ್ ಒಂದೊಂದು ಬ್ಯಾಕಪ್ಪನ್ನು ಕರೆಯುವುದು ಹೀಗೆ) ಸೇರಿಸಿ ನಿಮ್ಮದೇ ಎಂದು ನಂಬಿಸಲು ಸಾಧ್ಯವಿದ್ದ ಒಂದು ದೋಷವನ್ನು ಅದರಲ್ಲಿ ಮುಚ್ಚಿದರು. ಸಿವಿಇ-2023-36811 ಎಂದು ಅದರ ದಾಖಲೆ. ಮುಚ್ಚಿದ ಬಗೆ ಹೀಗೆ: ಪ್ರತಿ ಆರ್ಕೈವಿಗೂ ಇದು ಅಸಲಿ ಎಂಬ ಗೂಢಲಿಪಿಯ ಮುದ್ರೆ ಇರಬೇಕು. ಹೊಸ ಆರ್ಕೈವುಗಳಿಗೆ ಅದು ತಾನಾಗಿ ಬೀಳುತ್ತದೆ. ಹಳೆಯವಕ್ಕೆ ಇರುವುದಿಲ್ಲ. ಹೊಸ ಬೋರ್ಗ್ ಅವನ್ನು ಅನುಮಾನದಿಂದ ನೋಡುತ್ತದೆ.

ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಆ ರೆಪೊಸಿಟರಿಗೆ ಬರೆಯುವ ಎಲ್ಲ ಕಂಪ್ಯೂಟರುಗಳನ್ನೂ ಮೊದಲು ಹೊಸ ಆವೃತ್ತಿಗೆ ತರಬೇಕು. ಆಮೇಲೆ ಆರ್ಕೈವುಗಳ ಪಟ್ಟಿ ತೆಗೆದು ಅವೆಲ್ಲ ನಿಮ್ಮವೇ ಎಂದು ಕಣ್ಣಾರೆ ನೋಡಬೇಕು. ಆ ಬಳಿಕ ಹಳೆಯವಕ್ಕೆ ಮುದ್ರೆ ಹಾಕುವ ಅಪ್‌ಗ್ರೇಡ್ ಆಜ್ಞೆ ಕೊಡಬೇಕು. ಇದೆಲ್ಲ ಮುಗಿಯುವ ತನಕ ಚೆಕ್ ರಿಪೇರ್ ಓಡಿಸಬೇಡಿ ಎಂದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಎರರ್ ಕಂಡ ಕೂಡಲೇ ಬಹಳ ಜನ ಮೊದಲು ಮಾಡುವುದು ರಿಪೇರಿಯನ್ನೇ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ. ರಿಪೇರಿ ಎಂದರೆ ಪ್ರೋಗ್ರಾಂ ತನಗೆ ಅರ್ಥವಾಗದ್ದನ್ನು ತೆಗೆದುಹಾಕಿ ಉಳಿದದ್ದನ್ನು ಸರಿಹೊಂದಿಸುವುದು. ಅರ್ಥವಾಗದೇ ಇರುವುದು ಆವೃತ್ತಿಯ ವ್ಯತ್ಯಾಸದಿಂದ ಆಗಿದ್ದರೆ, ಅದು ತೆಗೆಯುವುದು ನಿಮ್ಮ ಸರಿಯಾದ ಬ್ಯಾಕಪ್ಪನ್ನೇ. ಯಾವ ಬ್ಯಾಕಪ್ ಸಾಫ್ಟ್‌ವೇರೇ ಆಗಲಿ, ರಿಪೇರಿಗೆ ಕೈಹಾಕುವ ಮುಂಚೆ ರೆಪೊಸಿಟರಿಯ ಒಂದು ನಕಲು ಇರಲೇಬೇಕು.

ಇನ್ನೊಂದು ಮಾತು. 1.2.5ರ ಜೊತೆ ಪ್ರಕಟವಾದ ಸೂಚನೆಗಳು, ಹೆಸರು ಬದಲಿಸಿದ ಆರ್ಕೈವುಗಳಿದ್ದ ರೆಪೊಸಿಟರಿಯಲ್ಲಿ ಕೆಲಸ ಮಾಡಲಿಲ್ಲ. ಅದರ ಹಿಂದೆಯೇ ಬಂದ 1.2.6ರಲ್ಲಿ ಸೂಚನೆಗಳನ್ನು ತಿದ್ದಿದರು. ಎಲ್ಲೋ ನಕಲು ಮಾಡಿಟ್ಟುಕೊಂಡ ಹಳೆಯ ಸೂಚನೆಯನ್ನು ನಂಬದೆ, ಅಪ್‌ಗ್ರೇಡ್ ಮಾಡುವ ದಿನ ಇತ್ತೀಚಿನ ದಾಖಲೆಯನ್ನೇ ತೆರೆದುನೋಡಿ. ಡೆಬಿಯನ್ 12ರಿಂದ 13ಕ್ಕೆ ಹೋಗುವವರು 1.2.5ರ ಈ ಗೆರೆಯನ್ನು ಒಂದೇ ಜಿಗಿತದಲ್ಲಿ ದಾಟುತ್ತಾರೆ.

ವಾಪಸ್ ಬರಲಾಗದ ದಾರಿ

ರೆಸ್ಟಿಕ್‌ನಲ್ಲಿ ಬಹಳ ವರ್ಷ ಕಂಪ್ರೆಶನ್, ಅಂದರೆ ಮಾಹಿತಿಯನ್ನು ಕುಗ್ಗಿಸಿ ಇಡುವ ಸೌಲಭ್ಯ, ಇರಲಿಲ್ಲ. 2022ರ ಆಗಸ್ಟಿನಲ್ಲಿ ಬಂದ 0.14ರಲ್ಲಿ ಅದು ಸೇರಿತು. ಅದಕ್ಕಾಗಿ ರೆಪೊಸಿಟರಿಯ ರಚನೆಯ ಎರಡನೇ ಆವೃತ್ತಿಯನ್ನು ತಂದರು. ಅಪ್‌ಗ್ರೇಡ್ ಮಾಡಿದೆ, ಜಾಗ ಒಂದಿಷ್ಟೂ ಉಳಿಯಲಿಲ್ಲ ಎಂದು ದೂರುವವರಿಗೆ ಉತ್ತರ ಇಲ್ಲಿದೆ: ಪ್ರೋಗ್ರಾಂ ಹೊಸದಾದರೂ ರೆಪೊಸಿಟರಿ ಹಳೆಯ ರಚನೆಯಲ್ಲೇ ಇದೆ. ಮೈಗ್ರೇಟ್ ಎಂಬ ಆಜ್ಞೆಯಿಂದ ಅದನ್ನು ಬೇರೆಯಾಗಿ ಬದಲಿಸಬೇಕು. ಬದಲಿಸಿದರೂ ಕಂಪ್ರೆಸ್ ಆಗುವುದು ಹೊಸದಾಗಿ ಬರುವ ಮಾಹಿತಿ ಮಾತ್ರ. ಹಳೆಯದೂ ಕುಗ್ಗಬೇಕೆಂದರೆ ಪ್ರೂನ್ ಆಜ್ಞೆಗೆ ಒಂದು ಹೆಚ್ಚಿನ ಆಯ್ಕೆ ಕೊಟ್ಟು ಅಷ್ಟನ್ನೂ ಮತ್ತೆ ಬರೆಸಬೇಕು. ರೆಪೊಸಿಟರಿ ಕ್ಲೌಡಿನಲ್ಲಿದ್ದರೆ ಅಷ್ಟೂ ಮಾಹಿತಿ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಡೌನ್‌ಲೋಡಿಗೆ ದುಡ್ಡು ಕೊಡುವ ಕ್ಲೌಡ್ ಆದರೆ ಮೊದಲು ಲೆಕ್ಕ ಹಾಕಿ.

ಅದಕ್ಕಿಂತ ದೊಡ್ಡ ವಿಷಯ, ಒಮ್ಮೆ ಎರಡನೇ ರಚನೆಗೆ ಹೋದರೆ 0.14ಕ್ಕಿಂತ ಹಳೆಯ ರೆಸ್ಟಿಕ್ ಆ ರೆಪೊಸಿಟರಿಯನ್ನು ತೆರೆಯಲಾರದು. ಆಫೀಸಿನ ಎರಡು ಕಂಪ್ಯೂಟರುಗಳು ಒಂದೇ ರೆಪೊಸಿಟರಿಗೆ ಬರೆಯುತ್ತಿವೆ, ಒಂದು ಡೆಬಿಯನ್ 12, ಇನ್ನೊಂದು ಉಬುಂಟು 22.04 ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಸಿಸ್ಟಮ್ಮಿನ ಜೊತೆ ಬರುವುದು 0.14. ಎರಡನೆಯದರಲ್ಲಿ 0.12. ಮೊದಲನೆಯದರಲ್ಲಿ ಕೂತು ಮೈಗ್ರೇಟ್ ಮಾಡಿದ ರಾತ್ರಿಯಿಂದ ಎರಡನೆಯದರ ಬ್ಯಾಕಪ್ ನಿಲ್ಲುತ್ತದೆ. ಯಾರೂ ನೋಡದಿದ್ದರೆ ನಿಂತೇ ಇರುತ್ತದೆ.

ಪ್ರೋಗ್ರಾಮನ್ನು ಅಪ್‌ಗ್ರೇಡ್ ಮಾಡುವುದು, ರೆಪೊಸಿಟರಿಯನ್ನು ಅಪ್‌ಗ್ರೇಡ್ ಮಾಡುವುದು ಎರಡೂ ಬೇರೆ ಬೇರೆ ತೀರ್ಮಾನ. ಎರಡನ್ನೂ ಒಂದೇ ದಿನ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಪ್ರೋಗ್ರಾಂ ಹೊಸದಾಗಿ ಒಂದೆರಡು ವಾರ ಸರಿಯಾಗಿ ಓಡಲಿ. ಅಷ್ಟರಲ್ಲಿ ತೊಂದರೆ ಕಂಡರೆ ಹಳೆಯ ಪ್ರೋಗ್ರಾಮಿಗೆ ವಾಪಸ್ ಹೋಗುವ ದಾರಿ ತೆರೆದಿರುತ್ತದೆ. ಬೋರ್ಗ್, ರೆಸ್ಟಿಕ್ ಎರಡೂ ಒಂದೇ ಫೈಲಿನ ಪ್ರೋಗ್ರಾಮಾಗಿಯೂ ಸಿಗುತ್ತವೆ. ಹಳೆಯ ಆವೃತ್ತಿಯ ಆ ಫೈಲನ್ನು ಬ್ಯಾಕಪ್ ಡಿಸ್ಕಿನಲ್ಲೇ ಒಂದು ಮೂಲೆಯಲ್ಲಿ ಇಟ್ಟುಕೊಂಡರೆ ವಾಪಸ್ ಹೋಗುವುದು ನಿಮಿಷದ ಕೆಲಸ.

ಸರ್ವರು ಮತ್ತು ಕ್ಲೈಂಟು ಎಂದು ಎರಡು ಕಡೆ ಪ್ರೋಗ್ರಾಂ ಇರುವ ವ್ಯವಸ್ಥೆಗಳಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂಬುದನ್ನೂ ನೋಡಿಕೊಳ್ಳಬೇಕು. ಬಾಕ್ಯುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಸರ್ವರಿನ ಕಡೆಯ ಡೈರೆಕ್ಟರ್ ಮತ್ತು ಸ್ಟೋರೇಜ್ ಎಂಬ ಪ್ರೋಗ್ರಾಂಗಳು ಎರಡೂ ಒಂದೇ ಆವೃತ್ತಿಯಲ್ಲಿರಬೇಕು. ಪ್ರತಿ ಕಂಪ್ಯೂಟರಿನಲ್ಲಿ ಕೂರುವ ಫೈಲ್ ಡೀಮನ್ ಎಂಬ ಕ್ಲೈಂಟು ಅವುಗಳಿಗಿಂತ ಹಳೆಯದಿರಬಹುದು, ಹೊಸದಿರಬಾರದು. ಹಾಗಾಗಿ ಅಲ್ಲಿ ಮೊದಲು ಸರ್ವರು, ಆಮೇಲೆ ಕ್ಲೈಂಟು.

ಸ್ಕ್ರಿಪ್ಟು ಮತ್ತು ವೇಳಾಪಟ್ಟಿ

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರ ನಡುವೆ ಸುಮಾರು 77 ಟಿಬಿ ಸಂಶೋಧನಾ ಮಾಹಿತಿ ಅಳಿದುಹೋಯಿತು. ಸುಮಾರು 3.4 ಕೋಟಿ ಫೈಲುಗಳು, 14 ಸಂಶೋಧನಾ ತಂಡಗಳದ್ದು. ಅವುಗಳಲ್ಲಿ ನಾಲ್ಕು ತಂಡಗಳ ಮಾಹಿತಿ ಮತ್ತೆ ಸಿಗಲೇ ಇಲ್ಲ. ಅಳಿಸಿದ್ದು ವೈರಸ್ಸಲ್ಲ, ಬ್ಯಾಕಪ್ ಸ್ಕ್ರಿಪ್ಟು. ಅದನ್ನು ಸುಧಾರಿಸಿ ಹೊಸ ರೂಪ ಕೊಟ್ಟಿದ್ದರು. ಓದಲು ಸುಲಭವಾಗಲಿ ಎಂದು ವೇರಿಯಬಲ್ಲುಗಳ, ಅಂದರೆ ಸ್ಕ್ರಿಪ್ಟಿನಲ್ಲಿ ಬೆಲೆಗಳನ್ನು ಹಿಡಿದಿಡುವ ಹೆಸರುಗಳ, ಹೆಸರು ಬದಲಿಸಿದ್ದರು. ಅದರಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗುಗಳನ್ನು ಅಳಿಸುವ ಒಂದು ಸಾಲೂ ಇತ್ತು.

ಹೊಸ ಸ್ಕ್ರಿಪ್ಟಿನಲ್ಲಿ ಬರೆದದ್ದೇನೂ ತಪ್ಪಿರಲಿಲ್ಲ, ತಪ್ಪಿದ್ದು ಅದನ್ನು ಇಟ್ಟ ರೀತಿಯಲ್ಲಿ. ಹಳೆಯ ಸ್ಕ್ರಿಪ್ಟು ಓಡುತ್ತಿರುವಾಗಲೇ ಅದೇ ಫೈಲಿನ ಮೇಲೆ ಹೊಸದನ್ನು ಬರೆದರು. ಸ್ಕ್ರಿಪ್ಟನ್ನು ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಂ ಅದನ್ನು ಒಂದೇ ಸಲಕ್ಕೆ ಪೂರ್ತಿ ಓದಿಕೊಳ್ಳುವುದಿಲ್ಲ. ಓಡುತ್ತಾ ಓಡುತ್ತಾ ಮುಂದಿನ ಭಾಗವನ್ನು ಓದುತ್ತದೆ. ಹಾಗಾಗಿ ಅರ್ಧ ಹಳೆಯದು ಓಡಿ, ಉಳಿದರ್ಧ ಹೊಸದು ಓಡಿತು. ಹೊಸ ಭಾಗ ಬಳಸಿದ ವೇರಿಯಬಲ್ಲಿಗೆ ಬೆಲೆ ಕೊಡುವ ಸಾಲು ಓಡಿರಲೇ ಇಲ್ಲ. ಬೆಲೆ ಇಲ್ಲದ ವೇರಿಯಬಲ್ ಎಂದರೆ ಖಾಲಿ. ಲಾಗಿನ ಫೋಲ್ಡರಿನಲ್ಲಿ ಹಳೆಯದನ್ನು ಅಳಿಸು ಎಂಬುದು ಬಳಕೆದಾರರ ಫೈಲುಗಳಿದ್ದ ಡಿಸ್ಕಿನಲ್ಲಿ ಅಳಿಸು ಎಂದಾಯಿತು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಜಪಾನ್ ಶಾಖೆ ಹೊಣೆ ಪೂರ್ತಿ ತನ್ನದೇ ಎಂದು ಒಪ್ಪಿಕೊಂಡಿತು.

ಇದರಿಂದ ನಮ್ಮ ಸಣ್ಣ ಸ್ಕ್ರಿಪ್ಟುಗಳಿಗೂ ಒಪ್ಪುವ ಎರಡು ಅಭ್ಯಾಸ ಸಿಗುತ್ತವೆ. ಓಡುವ ಸ್ಕ್ರಿಪ್ಟನ್ನು ತೆರೆದು ಅದರಲ್ಲೇ ತಿದ್ದಬೇಡಿ. ಹೊಸದನ್ನು ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಮೂವ್ ಆಜ್ಞೆಯಿಂದ ಹಳೆಯದರ ಜಾಗಕ್ಕೆ ತನ್ನಿ. ಒಂದೇ ಡಿಸ್ಕಿನೊಳಗೆ ಹೀಗೆ ಮಾಡಿದರೆ, ಆಗಲೇ ಓಡುತ್ತಿರುವುದು ಹಳೆಯ ಫೈಲನ್ನೇ ಹಿಡಿದು ಮುಗಿಸುತ್ತದೆ. ಎರಡನೆಯದು, ಸ್ಕ್ರಿಪ್ಟಿನ ಮೊದಲಲ್ಲೇ ಬೆಲೆ ಇಲ್ಲದ ವೇರಿಯಬಲ್ ಕಂಡರೆ ನಿಲ್ಲು ಎಂಬ ಸೆಟ್ಟಿಂಗನ್ನು ಹಾಕಿಬಿಡಿ. ಬ್ಯಾಶ್‌ನಲ್ಲಿ ಅದು ಒಂದೇ ಸಾಲು.

ಸಾಮಾನ್ಯ ಕಚೇರಿಗಳಲ್ಲಿ ಇಷ್ಟು ಭೀಕರವಾದದ್ದು ನಡೆಯುವುದಿಲ್ಲ. ಅಲ್ಲಿ ಹೆಚ್ಚಾಗಿ ಕಾಣುವುದು ಕೈಯಲ್ಲಿ ಓಡಿಸಿದರೆ ಓಡುತ್ತದೆ, ರಾತ್ರಿ ತಾನಾಗಿ ಓಡುವುದಿಲ್ಲ ಎಂಬ ತೊಂದರೆ. ಅದರ ಮೂಲ ಬಹುಪಾಲು ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ರಾನ್‌ನಲ್ಲಿ. ನೀವು ಟರ್ಮಿನಲ್ಲಿನಲ್ಲಿ ಕೂತಾಗ ಪ್ರೋಗ್ರಾಮನ್ನು ಹುಡುಕುವ ಫೋಲ್ಡರುಗಳ ಪಟ್ಟಿ ಉದ್ದವಾಗಿರುತ್ತದೆ. ಕ್ರಾನ್‌ಗೆ ಸಿಗುವ ಪಟ್ಟಿ ತೀರಾ ಚಿಕ್ಕದು. ಹೊಸ ಬೋರ್ಗನ್ನು ಕ್ರಾನ್ ಪಟ್ಟಿಯಲ್ಲಿಲ್ಲದ ಬೇರೆ ಫೋಲ್ಡರಿನಲ್ಲಿ ಹಾಕಿದ್ದೀರಿ, ಸಿಸ್ಟಮ್ಮಿನ ಜೊತೆ ಬಂದ ಹಳೆಯದೂ ಇದೆ ಎಂದಾದರೆ, ನೀವು ಓಡಿಸುವುದು ಹೊಸದು, ಕ್ರಾನ್ ಓಡಿಸುವುದು ಹಳೆಯದು. ವಾರಗಟ್ಟಲೆ ಎರಡು ಆವೃತ್ತಿಗಳು ಒಂದೇ ರೆಪೊಸಿಟರಿಗೆ ಬರೆಯುತ್ತಿರುತ್ತವೆ. ಸ್ಕ್ರಿಪ್ಟಿನಲ್ಲಿ ಪ್ರೋಗ್ರಾಮಿನ ಪೂರ್ತಿ ವಿಳಾಸ ಕೊಡಿ. ಪ್ರತಿ ಸಲವೂ ಮೊದಲ ಕೆಲಸವಾಗಿ ಆವೃತ್ತಿಯ ಸಂಖ್ಯೆಯನ್ನು ಲಾಗಿನಲ್ಲಿ ಬರೆಸಿ. ಈ ಒಂದು ಸಾಲು ಉಳಿಸುವ ತಲೆನೋವಿಗೆ ಲೆಕ್ಕವಿಲ್ಲ.

ಮ್ಯಾಕ್ ಬಳಸುವವರಿಗೆ ಇದರ ಜೊತೆಗೆ ಅನುಮತಿಯ ಪ್ರಶ್ನೆ. 2018ರ ಮೊಹಾವಿ ಎಂಬ ಮ್ಯಾಕ್ ಸಿಸ್ಟಮ್ ಆವೃತ್ತಿಯಿಂದ ಈಚೆಗೆ ಮೇಲ್‌ನಂಥ ಖಾಸಗಿ ಫೋಲ್ಡರುಗಳನ್ನು ಓದಲು ಪ್ರೋಗ್ರಾಮಿಗೆ ಫುಲ್ ಡಿಸ್ಕ್ ಆಕ್ಸೆಸ್ ಕೊಡಬೇಕು. ಅಪ್‌ಡೇಟ್ ಆದ ಪ್ರೋಗ್ರಾಮಿಗೆ ಕೆಲವು ಸಲ ಅದನ್ನು ಹೊಸದಾಗಿ ಕೊಡಬೇಕಾಗುತ್ತದೆ. ಕೊಡದಿದ್ದರೆ ಬ್ಯಾಕಪ್ ನಡೆಯುತ್ತದೆ, ಆ ಫೋಲ್ಡರುಗಳು ಮಾತ್ರ ಬಿಟ್ಟುಹೋಗುತ್ತವೆ. ಲಾಗಿನಲ್ಲಿ ಅನುಮತಿ ಇಲ್ಲ ಎಂಬ ಸಾಲುಗಳನ್ನು ಹುಡುಕಿ.

ನಿಧಾನ ಓಟ ಮತ್ತು ಬಿಡದ ಲಾಕು

ಅಪ್‌ಗ್ರೇಡ್ ಆದ ಮೊದಲ ಬ್ಯಾಕಪ್ ಹತ್ತು ನಿಮಿಷದ ಬದಲು ಗಂಟೆಗಟ್ಟಲೆ ಹಿಡಿದರೆ ಹೆದರಬೇಡಿ. ಯಾವ ಫೈಲು ಬದಲಾಗಿಲ್ಲ ಎಂದು ಬೇಗ ತಿಳಿಯಲು ಪ್ರೋಗ್ರಾಂ ಕ್ಯಾಶನ್ನು ನೋಡುತ್ತದೆ. ಆವೃತ್ತಿ ಬದಲಾದಾಗ ಕ್ಯಾಶ್ ಹೊಂದದೇ ಹೋಗಬಹುದು. ಬೋರ್ಗ್ 1.0ರಿಂದ 1.1ಕ್ಕೆ ಹೋದಾಗ ಫೈಲು ಬದಲಾಗಿದೆಯೇ ಎಂದು ನೋಡುವ ವಿಧಾನವನ್ನೇ ಬದಲಿಸಿದರು. ಎಲ್ಲ ಫೈಲುಗಳನ್ನೂ ಒಮ್ಮೆ ಮೊದಲಿನಿಂದ ಓದಬೇಕಾಯಿತು. ಓದಿದ್ದೆಲ್ಲ ಮತ್ತೆ ಉಳಿಯುವುದಿಲ್ಲ. ಕೊನೆಯಲ್ಲಿ ಬರುವ ಲೆಕ್ಕದಲ್ಲಿ ಹೊಸದಾಗಿ ಸೇರಿದ ಗಾತ್ರ ಚಿಕ್ಕದಿದ್ದರೆ ಎಲ್ಲ ಸರಿಯಿದೆ. ಎರಡನೇ ಸಲವೂ ಅಷ್ಟೇ ನಿಧಾನವಾದರೆ, ಅಥವಾ ಹೊಸ ಗಾತ್ರ ಇಡೀ ಡಿಸ್ಕಿನಷ್ಟಿದ್ದರೆ, ಆಗ ಹುಡುಕಬೇಕು.

ಒಂದೇ ಸಲ ಇಬ್ಬರು ರೆಪೊಸಿಟರಿಗೆ ಬರೆಯದಂತೆ ಪ್ರೋಗ್ರಾಂ ಅದಕ್ಕೆ ಲಾಕ್ ಹಾಕುತ್ತದೆ. ಲಾಕ್ ಸಿಗಲಿಲ್ಲ ಎಂಬ ಎರರ್ ಬಂದರೆ, ಅಪ್‌ಗ್ರೇಡ್ ಹೊತ್ತಿನಲ್ಲಿ ನಡೆಯುತ್ತಿದ್ದ ಬ್ಯಾಕಪ್ ಅರ್ಧಕ್ಕೆ ನಿಂತು ತನ್ನ ಗುರುತು ಬಿಟ್ಟುಹೋಗಿರಬಹುದು. ಬೋರ್ಗ್‌ನಲ್ಲಿ ಬ್ರೇಕ್ ಲಾಕ್, ರೆಸ್ಟಿಕ್‌ನಲ್ಲಿ ಅನ್‌ಲಾಕ್ ಎಂಬ ಆಜ್ಞೆಗಳಿವೆ. ಆ ರೆಪೊಸಿಟರಿಗೆ ಬರೆಯುವ ಪ್ರತಿ ಕಂಪ್ಯೂಟರನ್ನೂ ನೋಡಿ, ಯಾವುದರಲ್ಲೂ ಬ್ಯಾಕಪ್ ಓಡುತ್ತಿಲ್ಲ ಎಂದು ಖಚಿತವಾದ ಮೇಲಷ್ಟೇ ಅವನ್ನು ಬಳಸಿ.

ಇಷ್ಟೆಲ್ಲ ರಗಳೆ ಯಾಕೆ, ಓಡುತ್ತಿರುವುದನ್ನು ಮುಟ್ಟುವುದೇ ಬೇಡ ಎನ್ನಿಸಬಹುದು. ಅದು ಅಪಾಯ. ಹಲವು ವ್ಯವಸ್ಥೆಗಳಲ್ಲಿ ಬ್ಯಾಕಪ್ ಸರ್ವರಿಗೆ ಬೇರೆ ಕಂಪ್ಯೂಟರುಗಳ ಪಾಸ್‌ವರ್ಡೂ ಗೊತ್ತಿರುತ್ತದೆ. ಹಣಕ್ಕಾಗಿ ಡೇಟಾ ಒತ್ತೆಯಿಡುವ ರ‍್ಯಾನ್ಸಮ್‌ವೇರ್ ಗುಂಪುಗಳು ಮೊದಲು ಹುಡುಕುವುದು ಅದನ್ನೇ. 2024ರಲ್ಲಿ ವೀಮ್ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಕಂಡ ಸಿವಿಇ-2024-40711 ದೋಷಕ್ಕೆ 12.2ರಲ್ಲಿ ಪರಿಹಾರ ಬಂತು. ಅದನ್ನು ಹಾಕಿಕೊಳ್ಳದವರ ಸರ್ವರುಗಳ ಮೇಲೆ ಅಕಿರಾದಂಥ ಗುಂಪುಗಳು ಆ ದೋಷದ ಮೂಲಕವೇ ದಾಳಿ ಮಾಡಿದವು. ಅಪ್‌ಗ್ರೇಡ್ ಬೇಕೇ ಬೇಕು, ಯೋಜನೆ ಹಾಕಿ ಮಾಡಬೇಕು.

ವಾಪಸ್ ತಂದು ನೋಡುವುದು

ಅಪ್‌ಗ್ರೇಡಿಗೆ ಮುಂಚೆ ಮೂರು ಫೈಲುಗಳನ್ನು ಆರಿಸಿಕೊಳ್ಳಿ. ಒಂದು ಹಲವು ಜಿಬಿ ಇರುವ ದೊಡ್ಡ ಫೈಲು, ಮದುವೆಯ ವಿಡಿಯೊ ಥರದ್ದು. ಒಂದು ಅಕೌಂಟಿಂಗ್ ಸಾಫ್ಟ್‌ವೇರಿನ ಡೇಟಾ ಫೈಲು. ಇನ್ನೊಂದು ಕನ್ನಡದಲ್ಲಿ ಹೆಸರಿರುವ ಫೈಲು. ಕ್ರಾನ್‌ನಲ್ಲಿ ಓಡುವಾಗ ಭಾಷೆಯ ಸೆಟ್ಟಿಂಗು ನಿಮ್ಮ ಟರ್ಮಿನಲ್ಲಿನಲ್ಲಿ ಇರುವಂತೆಯೇ ಇರುವುದಿಲ್ಲ. ಇಂಗ್ಲಿಷ್ ಹೆಸರಿನ ಫೈಲುಗಳಲ್ಲಿ ಎಂದೂ ಕಾಣದ ಎಡವಟ್ಟು ಕನ್ನಡ ಹೆಸರಿನಲ್ಲಿ ಕಾಣಬಹುದು. ಹೊರದೇಶದ ಮಾರ್ಗದರ್ಶಿಗಳಲ್ಲಿ ಇದನ್ನು ಹೇಳುವುದು ಕಡಿಮೆ, ನಾವೇ ನೋಡಿಕೊಳ್ಳಬೇಕು. ಮೂರರದ್ದೂ ಚೆಕ್‌ಸಮ್, ಅಂದರೆ ಫೈಲಿನಲ್ಲಿ ಏನೇ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ, ತೆಗೆದು ಕಾಗದದಲ್ಲಿ ಬರೆದಿಡಿ.

ಅಪ್‌ಗ್ರೇಡ್ ಆದ ಮೇಲೆ ಅವೇ ಮೂರನ್ನು ಮೂರು ಕಡೆಯಿಂದ ವಾಪಸ್ ತನ್ನಿ: ಇರುವುದರಲ್ಲೇ ಅತಿ ಹಳೆಯ ಬ್ಯಾಕಪ್ಪಿನಿಂದ, ಅಪ್‌ಗ್ರೇಡಿನ ಹಿಂದಿನ ರಾತ್ರಿಯದರಿಂದ, ಹೊಸ ಆವೃತ್ತಿ ತಾನೇ ತೆಗೆದದ್ದರಿಂದ. ಇದ್ದ ಜಾಗಕ್ಕೆ ತರಬೇಡಿ, ಖಾಲಿ ಫೋಲ್ಡರಿಗೆ ತನ್ನಿ. ಚೆಕ್‌ಸಮ್ ಹೋಲಿಸಿ. ಅತಿ ಹಳೆಯದರಲ್ಲಿ ಫೈಲಿನ ಬೇರೆ ರೂಪ ಇರಬಹುದು. ಆಗ ಅದನ್ನು ತೆರೆದು ನೋಡಿ. ಸಾಧ್ಯವಾದರೆ ಒಮ್ಮೆ ಬೇರೆಯೇ ಕಂಪ್ಯೂಟರಿನಲ್ಲಿ, ಕೀಲಿ ಮತ್ತು ಪಾಸ್‌ವರ್ಡ್ ಅಷ್ಟನ್ನೇ ಹಿಡಿದು ಪ್ರಯತ್ನಿಸಿ. ಬೋರ್ಗ್‌ನಲ್ಲಿ ಕೀಲಿಯನ್ನು ಕೀಲಿ ಫೈಲಾಗಿ ಇಟ್ಟುಕೊಂಡವರಿಗೆ ಇದು ಬಹಳ ಮುಖ್ಯ. ಆ ಫೈಲು ಬ್ಯಾಕಪ್ ತೆಗೆಯುವ ಕಂಪ್ಯೂಟರಿನಲ್ಲೇ ಇರುತ್ತದೆ. ಆ ಕಂಪ್ಯೂಟರು ಹೋದರೆ ಕೀಲಿಯೂ ಹೋಗುತ್ತದೆ. ಕೀ ಎಕ್ಸ್‌ಪೋರ್ಟ್ ಆಜ್ಞೆಯಿಂದ ಅದನ್ನು ಹೊರಗೆ ತೆಗೆದು ಬೇರೆ ಕಡೆ ಇಡಬಹುದು.

ಇಡೀ ರೆಪೊಸಿಟರಿಯನ್ನು ಓದಿ ತಪಾಸಣೆ ಮಾಡಲು ಬೋರ್ಗ್‌ನಲ್ಲಿ ಚೆಕ್ ಆಜ್ಞೆಗೆ ವೆರಿಫೈ ಡೇಟಾ ಎಂಬ ಆಯ್ಕೆ ಇದೆ. 1.2.5ರ ಗೆರೆ ದಾಟುತ್ತಿರುವವರು ಮೇಲೆ ಹೇಳಿದ ಮುದ್ರೆಯ ಕೆಲಸ ಮುಗಿಸಿದ ಮೇಲೆ ಅದನ್ನು ಓಡಿಸಲಿ. ರೆಸ್ಟಿಕ್‌ನಲ್ಲಿ ಅಷ್ಟನ್ನೂ ಒಂದೇ ಸಲ ಓದದೆ ಶೇ 5ರಷ್ಟನ್ನು ಮಾತ್ರ ಆರಿಸಿ ಓದು ಎನ್ನಬಹುದು. ದೊಡ್ಡ ರೆಪೊಸಿಟರಿ ಇರುವವರು ವಾರಕ್ಕೊಮ್ಮೆ ಅಷ್ಟಷ್ಟು ಓದಿಸುತ್ತಾ ಹೋಗಬಹುದು.

ಎಚ್ಚರಿಕೆಯ ಸಂದೇಶ ನಿಮಗೆ ನಿಜವಾಗಿ ತಲುಪುತ್ತದೆಯೇ ಎಂಬುದನ್ನೂ ಅದೇ ದಿನ ನೋಡಿ. ಸ್ಕ್ರಿಪ್ಟಿನ ಒಂದು ನಕಲಿನಲ್ಲಿ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟು ಅದನ್ನು ಕ್ರಾನ್‌ನಿಂದ ಓಡಿಸಿ, ಮೊಬೈಲಿಗೋ ಇಮೇಲಿಗೋ ಸುದ್ದಿ ಬರುತ್ತದೆಯೇ ಎಂದು ಕಾಯಿರಿ. ಬಾರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲೂ ಇಲ್ಲದಿದ್ದರೆ ಮೇಲ್ ಸರ್ವರಿನ ಲಾಗ್ ತೆರೆಯಿರಿ. ಸೋತಾಗ ಬರುವ ಸಂದೇಶದ ಜೊತೆ, ಗೆದ್ದಾಗಲೂ ವಾರಕ್ಕೊಂದು ಸಂದೇಶ ಬರುವಂತೆ ಇಟ್ಟುಕೊಳ್ಳಿ: ಓಡಿದ ಆವೃತ್ತಿ, ಕೊನೆಯ ಬ್ಯಾಕಪ್ಪಿನ ದಿನಾಂಕ, ಹೊಸದಾಗಿ ಸೇರಿದ ಗಾತ್ರ, ಡಿಸ್ಕಿನಲ್ಲಿ ಉಳಿದ ಜಾಗ. ಆ ಸಂದೇಶ ಒಂದು ವಾರ ಬರಲಿಲ್ಲವೆಂದರೆ ಅವತ್ತೇ ಹೋಗಿ ನೋಡಿ.